ಮರಕುಟಿಗ ಕುಟ್ಟಿ ಕಿವಿಗೊಡುವುದೇಕೆ

ಲೋಕ ಆಗಷ್ಟೇ ಹುಟ್ಟಿತ್ತು. ಎಷ್ಟು ಹೊಸದೆಂದರೆ, ಯಾವ ಕಡೆ ಹರಿಯಬೇಕೆಂದು ಹೊಳೆಗೇ ಇನ್ನೂ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಹೋದ ದಾರಿಯನ್ನು ಸಂಜೆ ಮರೆತು, ದಡದ ಮರಗಳನ್ನು ಕೇಳಿಕೊಂಡು ಹರಿಯುತ್ತಿತ್ತು. ನಗಬೇಡ ಮಗು, ಹೊಸದರಲ್ಲಿ ಎಲ್ಲರೂ ಹಾಗೆಯೇ.

ಆ ಕಾಲದಲ್ಲಿ ಮರಗಳಿಗೊಂದು ಕಷ್ಟವಿತ್ತು. ಸತ್ತ ಕೊಂಬೆಗೆ ಮಣ್ಣಾಗುವುದು ಹೇಗೆಂದು ಗೊತ್ತಿರಲಿಲ್ಲ. ಒಣಗಿದ್ದು ಮರದಲ್ಲೇ ನೇತಾಡುತ್ತಿತ್ತು, ಇಲ್ಲವೇ ಬಿದ್ದಲ್ಲೇ ಬಿದ್ದಿರುತ್ತಿತ್ತು. ಕೊಂಬೆಯ ಮೇಲೆ ಕೊಂಬೆ, ಅದರ ಮೇಲೆ ಇನ್ನೊಂದು ಕೊಂಬೆ. "ನನ್ನ ದಾರಿ ಬಿಡ್ರೋ!" ಎಂದು ಹೊಳೆ ಕೂಗುತ್ತಿತ್ತು. "ಬುಡದಲ್ಲಿ ಒಂದು ಹಿಡಿ ಹೊಸ ಮಣ್ಣಿಲ್ಲ, ನಾವು ಏನು ತಿನ್ನೋಣ?" ಎಂದು ಮರಗಳು ಗೊಣಗುತ್ತಿದ್ದವು.

ಆ ದಡದಲ್ಲಿ ಹೊನ್ನಿ ಎಂಬ ಮರಕುಟಿಗ ಇದ್ದಳು. ಬೆನ್ನು ಹೊನ್ನಿನ ಬಣ್ಣ, ತಲೆ ಆಗಿನ್ನೂ ಕಪ್ಪು. ಆಗ ಅವಳು ಯಾರನ್ನೂ ಸಂಶಯದಿಂದ ನೋಡಿದವಳಲ್ಲ. ಹಾವು ಬಂದರೂ "ಊಟ ಆಯ್ತಾ?" ಎಂದು ಕೇಳುವಂಥವಳು.

ಒಂದು ದಿನ ಬೆಂಕಿ ಬಂದಿತು. ಸಣ್ಣಗೆ, ಮೆತ್ತಗೆ, ಬಲು ಮರ್ಯಾದಸ್ಥನ ಹಾಗೆ ಬಂದು ಕೈಮುಗಿಯಿತು.

"ನಿಮ್ಮ ಕಷ್ಟ ಕೇಳ್ದೆ ಕಣ್ರವ್ವಾ. ನಾನು ಒಣಗಿದ್ದನ್ನ ಮಾತ್ರ ತಿನ್ನೋನು," ಎಂದಿತು.

ನಾನಾಗಿದ್ದರೆ ಅದನ್ನು ಹೊಸಿಲಾಚೆಯೇ ನಿಲ್ಲಿಸುತ್ತಿದ್ದೆ. ಮರಗಳು ನಂಬಿದವು, ಹೊನ್ನಿಯೂ ನಂಬಿದಳು. ಬೆಂಕಿ ಒಣಗಿದ್ದನ್ನು ತಿಂದಿತು. ಮಧ್ಯಾಹ್ನ ಗಾಳಿ ಬಂದು ಅದರ ಹೆಗಲ ಮೇಲೆ ಕೈಹಾಕಿತು. ಇಬ್ಬರೂ ಸೇರಿದ ಮೇಲೆ ಒಣಗಿದ್ದು ಯಾವುದು, ಹಸಿಯದು ಯಾವುದು ಎಂದು ನೋಡುವವರು ಯಾರು? ಹೊನ್ನಿಯ ಗೂಡು ಹೋಯಿತು. ಗೂಡಿನಲ್ಲಿದ್ದ ಎರಡು ಮೊಟ್ಟೆಗಳೂ ಹೋದವು. ಅವುಗಳ ಮೇಲೆ ರೆಕ್ಕೆ ಹರಡಿ ಕೂತಿದ್ದವಳ ನೆತ್ತಿಗೆ ಒಂದು ಕಿಡಿ ತಗುಲಿತು. ಅಂದಿನಿಂದ ಅವಳ ಜುಟ್ಟು ಕೆಂಪು.

ಹೊನ್ನಿ ಬಹಳ ದಿನ ಅತ್ತಳು. ಅಳು ನಿಂತ ಮೇಲೆ ಅವಳಲ್ಲಿ ಉಳಿದಿದ್ದು ಅನುಮಾನ ಒಂದೇ. ಯಾರೇ ಬರಲಿ, ಸರಕ್ಕನೆ ಕಾಂಡದ ಆಚೆ ಬದಿಗೆ ಸರಿದು, ಒಂದೇ ಕಣ್ಣಿನಲ್ಲಿ ಇಣುಕುತ್ತಿದ್ದಳು.

ಆಮೇಲೆ ಗೆದ್ದಲುಗಳು ಬಂದವು. "ನಾವು ತಿನ್ತೀವಿ, ನಿಧಾನಕ್ಕೆ," ಎಂದವು. ನಿಧಾನವೆಂದರೆ ಎಂಥ ನಿಧಾನ! ಅವು ಒಂದು ಕೊಂಬೆ ಮುಗಿಸುವಷ್ಟರಲ್ಲಿ ಹತ್ತು ಕೊಂಬೆ ಬಿದ್ದಿರುತ್ತಿದ್ದವು. ಹೊನ್ನಿಗೆ ಅವುಗಳ ಮೇಲೂ ಅನುಮಾನವಿತ್ತು. ಅನುಮಾನ ಬಂದಾಗಲೆಲ್ಲ ಒಂದಿಷ್ಟನ್ನು ನುಂಗಿ ನೋಡುತ್ತಿದ್ದಳು. ಆ ಅಭ್ಯಾಸ ಈಗಲೂ ಹೋಗಿಲ್ಲ.

ಹೀಗಿರುವಾಗ ದಡಕ್ಕೆ ಗಂಡಹೆಂಡಿರಿಬ್ಬರು ಬಂದು ನೆಲೆಸಿದರು. ಗಂಡ ಕೆಂಚಯ್ಯ, ಹೆಂಡತಿ ನಂಜವ್ವ. ಮರಗಳ ಆರೈಕೆಯೇ ಅವರ ಕೆಲಸ. ಕೆಂಚಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರ ಹತ್ತುವನು. ಒಣಗಿದ ಕೊಂಬೆಯನ್ನು ಕಡಿದು, ಎತ್ತಿ ಎಸೆಯದೆ, ಹಗ್ಗದಲ್ಲಿ ಮೆಲ್ಲಗೆ ಕೆಳಗಿಳಿಸುವನು.

ಅವನದೊಂದು ಪದ್ಧತಿಯಿತ್ತು. ಹತ್ತುವ ಮೊದಲು ಅಂಗೈಯನ್ನು ಕಾಂಡದ ಮೇಲಿಟ್ಟು, ಕಣ್ಣು ಮುಚ್ಚಿ, ಮೂರು ಸಲ ಕೇಳುತ್ತಿದ್ದ.

"ಯಾರಾದ್ರೂ ಇದ್ದೀರೇನ್ರವ್ವಾ? ಇದ್ರೆ ಹೇಳ್ಬುಡಿ. ಕೊಡಲಿ ಹಾಕ್ತಾ ಇವ್ನಿ."

"ನಾನಿವ್ನಿ, ಎಡಗಡೆ ಕೊಂಬೇಲಿ!" ಎಂದು ಕಾಗೆ ಕೂಗುತ್ತಿತ್ತು. "ಪೊಟರೇಲಿ ನಮ್ ಮಕ್ಕಳವ್ರೆ!" ಎಂದು ಅಳಿಲು ಕಿರುಚುತ್ತಿತ್ತು. ಅವರವರ ಕೊಂಬೆಯನ್ನು ಕೆಂಚಯ್ಯ ಮುಟ್ಟುತ್ತಿರಲಿಲ್ಲ.

ಕಡಿದ ಕೊಂಬೆಗಳೇನೋ ರಾಶಿ ಬಿದ್ದವು. ಅವುಗಳನ್ನು ಏನು ಮಾಡುವುದು? ಗಂಡಹೆಂಡಿರು ತಲೆ ಕೆಡಿಸಿಕೊಂಡರು. ಕೊನೆಗೆ ಹೊಳೆಯ ಅಂಚಿನಲ್ಲಿ ಒಂದು ಚಕ್ರ ನಿಲ್ಲಿಸಿದರು. ಚಕ್ರಕ್ಕೆ ದಪ್ಪನೆಯ ದಿಂಡು, ದಿಂಡಿನ ತುಂಬ ಚೂಪುಗಲ್ಲಿನ ಹಲ್ಲು, ಮುಂದೊಂದು ಅಗಲವಾದ ಬಾಯಿ. ಹೊಳೆ ಚಕ್ರವನ್ನು ತಿರುಗಿಸಿತು, ಹಲ್ಲುಗಳು ಗರಗರ ಸುತ್ತಿದವು. ಬಾಯಿಗಿಟ್ಟ ಕೊಂಬೆ ಆಚೆ ಕಡೆಯಿಂದ ಚೂರುಚೂರಾಗಿ ಬಿದ್ದಿತು. ಕೆಂಚಯ್ಯ ಆ ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತು ಮರದ ಬುಡಕ್ಕೆ ಹರಡಿದ. ಚೂರು ಕೊಳೆತು ಮಣ್ಣಾಯಿತು. ಮರಗಳು ಮೊದಲ ಸಲ ಹೊಟ್ಟೆತುಂಬ ಉಂಡವು.

ಎಲ್ಲರೂ ಅದನ್ನು ದೊಡ್ಡಬಾಯಿ ಎಂದು ಕರೆದರು. ಅದಕ್ಕೆ ಮಾತೂ ಬರುತ್ತಿತ್ತು.

"ಹೆದರ್ಕೋಬ್ಯಾಡಿ," ಎಂದು ಗುಡುಗಿತು ದೊಡ್ಡಬಾಯಿ. "ನಾನು ಒಣಗಿದ್ದನ್ನ ಮಾತ್ರ ತಿನ್ನೋನು."

ಕಾಂಡದ ಹಿಂದೆ ಇಣುಕುತ್ತಿದ್ದ ಹೊನ್ನಿ ಸರಕ್ಕನೆ ತಲೆ ಹಿಂದೆಳೆದುಕೊಂಡಳು. ಅದೇ ಮಾತು! ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ.

ಅವಳು ದಿನವೂ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಕಾದಳು. ಅನುಮಾನಪಡಲು ಕಾರಣವೂ ಸಿಕ್ಕಿತು. ದೊಡ್ಡಬಾಯಿಗೆ ನುಂಗುವುದು ಗೊತ್ತಿತ್ತು, ನಿಲ್ಲಿಸುವುದು ಗೊತ್ತಿರಲಿಲ್ಲ. ಕೊಂಬೆಯ ತುದಿ ಹಲ್ಲಿಗೆ ತಾಗಿದರೆ ಸಾಕು, ಸರ್ರನೆ ಇಡೀ ಕೊಂಬೆಯನ್ನು ಎಳೆದುಕೊಳ್ಳುತ್ತಿತ್ತು. ಒಂದು ದಿನ ಕೆಂಚಯ್ಯನ ಹೆಗಲ ವಲ್ಲಿಯನ್ನೂ ಕಿತ್ತುಕೊಂಡು ಚಿಂದಿ ಮಾಡಿತು.

"ಇವತ್ತು ವಲ್ಲಿ, ನಾಳೆ ನಿನ್ ಕೈ!" ಎಂದು ನಂಜವ್ವ ಗಂಡನನ್ನು ಬೈದಳು. ಅಂದಿನಿಂದ ಅವಳು ಒರಳನ್ನು ದೊಡ್ಡಬಾಯಿಯ ಪಕ್ಕಕ್ಕೇ ತಂದಿಟ್ಟುಕೊಂಡು ಭತ್ತ ಕುಟ್ಟತೊಡಗಿದಳು. ಕೈ ಒನಕೆಯ ಮೇಲೆ, ಕಣ್ಣು ಬಾಯಿಯ ಮೇಲೆ.

"ನೋಡಿದ್ಯಾ?" ಎಂದಳು ಹೊನ್ನಿ ನೇರಳೆ ಮರಕ್ಕೆ. "ಅದನ್ನ ಮಾಡಿದೋಳಿಗೇ ಅದರ ಮ್ಯಾಲೆ ನಂಬಿಕೆ ಇಲ್ಲ."

ಹೊನ್ನಿಯ ಹೊಸ ಗೂಡು ಆ ನೇರಳೆ ಮರದಲ್ಲೇ ಇತ್ತು. ಒಣಗಿದ ದೊಡ್ಡ ಕೊಂಬೆಯೊಂದರ ಕೆಳಮೈಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ತೂತು ಕೊರೆದಿದ್ದಳು. ಒಳಗೆ ಮೂರು ಮರಿಗಳು, ಇನ್ನೂ ರೆಕ್ಕೆ ಬಲಿತಿರಲಿಲ್ಲ. "ಯಾರೇ ಬರ್ಲಿ, ತುಟಿಪಿಟಿಕ್ ಅನ್ಬ್ಯಾಡಿ," ಎಂದು ಅವಕ್ಕೆ ಹುಟ್ಟಿದ ದಿನದಿಂದಲೇ ಪಾಠ ಹೇಳಿದ್ದಳು. ಗೂಡಿನ ಸುದ್ದಿ ಯಾರಿಗೂ ಹೇಳುವುದಿಲ್ಲವೆಂದು ಮರದಿಂದಲೂ ಆಣೆ ಹಾಕಿಸಿಕೊಂಡಿದ್ದಳು.

"ಹೊನ್ನೀ," ಎಂದಿತು ನೇರಳೆ, "ಈ ಕೊಂಬೆ ಭಾರಕ್ಕೆ ನನ್ ಮೈ ಸೀಳ್ತಾ ಐತೆ ಕಣೆ. ಕೆಂಚಯ್ಯ ಇವತ್ತೋ ನಾಳೆಯೋ ಬತ್ತಾನೆ. ಅವನಿಗೆ ಒಂದ್ ಮಾತು ಹೇಳ್ಬುಡೆ. ಮರಿ ಹಾರೋಗಂಟ ಕಾಯ್ತಾನೆ. ನಾನೂ ತಡ್ಕೋತೀನಿ."

"ನೀನೂ ಅವನ ಕಡೆ ಸೇರ್ಕೊಂಡ್ಯಾ?" ಎಂದು ಹೊನ್ನಿ ಕಣ್ಣು ಕಿರಿದು ಮಾಡಿದಳು. "ಗೂಡು ಎಲ್ಲೈತೆ ಅಂದ್ರೆ ನೆಟ್ಟಗೆ ಅಲ್ಲಿಗೇ ಬತ್ತಾನೆ."

ಮರುದಿನ ಬೆಳಿಗ್ಗೆ ಕೆಂಚಯ್ಯ ಬಂದ. ಅಂಗೈಯನ್ನು ನೇರಳೆಯ ಮೇಲಿಟ್ಟು ಕಣ್ಣು ಮುಚ್ಚಿದ.

"ಯಾರಾದ್ರೂ ಇದ್ದೀರೇನ್ರವ್ವಾ?"

ಹೊನ್ನಿ ಕಾಂಡದ ಆಚೆ ಬದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

"ಯಾರಾದ್ರೂ ಇದ್ದೀರೇನ್ರವ್ವಾ?"

ನೇರಳೆ ಎಲೆಯಲುಗಿಸಿ ಚಡಪಡಿಸಿತು. ಹೊನ್ನಿ ಅದನ್ನು ದುರುಗುಟ್ಟಿ ನೋಡಿದಳು.

"ಯಾರಾದ್ರೂ ಇದ್ದೀರೇನ್ರವ್ವಾ? ಕೊಡಲಿ ಹಾಕ್ತಾ ಇವ್ನಿ."

ಯಾರೂ ಮಾತಾಡಲಿಲ್ಲ. ಕೆಂಚಯ್ಯ ಮರದ ಬಲಗಡೆಯಿಂದ ಹತ್ತಿ, ಅಲ್ಲಿನ ಪುಟ್ಟ ಕೊಂಬೆಯೊಂದಕ್ಕೆ ಹಗ್ಗ ಬಿಗಿದ. ಹೊನ್ನಿಯ ಜೀವ ತಣ್ಣಗಾಯಿತು. 'ಕಂಡ್ಯಾ, ಬಾಯಿ ಮುಚ್ಕೊಂಡಿದ್ದಕ್ಕೆ ಉಳಿದೆ,' ಎಂದುಕೊಂಡು ಮರಿಗಳಿಗೆ ಇರುವೆ ತರಲು ಹಾರಿದಳು.

ಅವಳು ಬಾಯಿತುಂಬ ಇರುವೆ ಹಿಡಿದು ಬಂದಾಗ ನೇರಳೆಯ ಎಡ ಮೈಯಲ್ಲಿ ಬೆಳ್ಳನೆಯ ಗಾಯವಿತ್ತು. ದೊಡ್ಡ ಕೊಂಬೆ ಇರಲಿಲ್ಲ.

"ಕೇಳ್ದ ಕಣೆ," ಎಂದು ನೇರಳೆ ಅಳುದನಿಯಲ್ಲಿ ಹೇಳಿತು. "ಈ ಕಡೆ ಬಂದು ಇನ್ನೊಂದ್ ಸಲ ಕೇಳ್ದ. ಮರಿಗಳು ಉಸಿರೇ ಬಿಡ್ಲಿಲ್ಲ. ನೀನೇ ಹೇಳ್ಕೊಟ್ಟಿದ್ದಲ್ಲ. ನಾನು ಆಣೆ ಮುರಿದು ಬಾಯಿ ಬಿಡೋವಷ್ಟರಲ್ಲಿ ಕೊಂಬೆ ಕೆಳಗಿಳಿದಿತ್ತು. ಓಡೇ, ಹೊಳೆ ಹತ್ರ ಓಡು!"

ಹೊನ್ನಿ ಹಾರಿದ ವೇಗಕ್ಕೆ ಇರುವೆಗಳೆಲ್ಲ ದಾರಿಯಲ್ಲೇ ಉದುರಿದವು.

ಹೊಳೆಯಂಚಿನಲ್ಲಿ ಕೊಂಬೆಯ ಸಣ್ಣ ತುದಿ ಆಗಲೇ ದೊಡ್ಡಬಾಯಿಯೊಳಗಿತ್ತು. ಕೆಂಚಯ್ಯ ದಪ್ಪ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನೂಕುತ್ತಿದ್ದ. ನಡುವೆ, ಕೆಳಮೈಯಲ್ಲಿ, ಅವಳ ಗೂಡಿನ ತೂತು ಹಲ್ಲುಗಳ ಕಡೆಗೆ ಸಾಗುತ್ತಿತ್ತು.

"ನಿಲ್ಸು! ನನ್ ಮಕ್ಳು!" ಎಂದು ಕಿರುಚಿದಳು ಹೊನ್ನಿ. ಗರಗರ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅವನ ಕಿವಿಯ ಹತ್ತಿರ ಹಾರಿ ಕಿರುಚಿದಳು. ಅವನು ನೊಣ ಓಡಿಸುವಂತೆ ತಲೆ ಕೊಡವಿದ. ಇಷ್ಟು ದಿನ ಮುಚ್ಚಿಟ್ಟ ಮಾತನ್ನು ಈಗ ಎಷ್ಟು ಗಟ್ಟಿಯಾಗಿ ಕೂಗಿದರೂ ಕೇಳುವವರಿರಲಿಲ್ಲ.

ಆಗ ಅವಳಿಗೆ ಅವನ ಅಂಗೈ ಕಂಡಿತು. ಮರದ ಮೇಲಿಟ್ಟು ಕೇಳುವ ಅದೇ ಅಂಗೈ, ಈಗ ಕೊಂಬೆಯ ಮೇಲಿತ್ತು. ಹೊನ್ನಿ ಕೊಂಬೆಯನ್ನು ಉಗುರಿನಲ್ಲಿ ಬಿಗಿಯಾಗಿ ಹಿಡಿದು ಕೂತು, ಜೀವವನ್ನೆಲ್ಲ ಕೊಕ್ಕಿಗೆ ತಂದುಕೊಂಡು ಕುಟ್ಟಿದಳು. ಟಕ್ ಟಕ್ ಟಕ್. ನಿಲ್ಲಿಸಿದಳು. ಟಕ್ ಟಕ್ ಟಕ್. ನಿಲ್ಲಿಸಿದಳು.

ಒಳಗಿನಿಂದ ಮರಿಗಳು ಸಣ್ಣ ಕೊಕ್ಕಿನಲ್ಲಿ ಕುಟ್ಟಿದವು. ಟಿಕ್ ಟಿಕ್ ಟಿಕ್.

ಆ ಕುಟ್ಟು ಕೆಂಚಯ್ಯನ ಅಂಗೈಗೆ ತಾಗಿತು.

"ಒಳಗ್ ಯಾರೋ ಅವ್ರೆ! ನಿಲ್ಸು!"

"ನಂಗೆ ನಿಲ್ಸಕ್ಕೆ ಬರಕಿಲ್ಲ!" ಎಂದು ದೊಡ್ಡಬಾಯಿ ಗುಡುಗಿತು. "ನಾನು ಹುಟ್ಟಿದ್ಮ್ಯಾಲೆ ನಿಂತಿದ್ದೇ ಇಲ್ಲ!" ಎಂದು ಹೊಳೆ ಕೂಗಿತು. ಕೆಂಚಯ್ಯ ಕಾಲೂರಿ ಕೊಂಬೆಯನ್ನು ಹಿಂದಕ್ಕೆಳೆದ. ಅವನೂ ಕೊಂಬೆಯ ಜೊತೆ ಮುಂದಕ್ಕೆ ಜಾರಿದ. ತೂತಿಗೂ ಹಲ್ಲಿಗೂ ನಡುವೆ ಒಂದು ಮೊಳ ಉಳಿಯಿತು, ಆಮೇಲೆ ಒಂದು ಗೇಣು.

ಭತ್ತ ಕುಟ್ಟುತ್ತಿದ್ದ ನಂಜವ್ವ ಎದ್ದವಳೇ ಒನಕೆಯನ್ನು ದೊಡ್ಡಬಾಯಿಗೆ ಅಡ್ಡಲಾಗಿ ತುರುಕಿದಳು. ಫಟೀರೆಂದು ಎರಡು ಹಲ್ಲು ಮುರಿದವು. ಚಕ್ರ ನರಳಿ ನಿಂತಿತು.

ಸದ್ದಡಗಿದ ಮೇಲೆ ಎಲ್ಲರಿಗೂ ಕೇಳಿಸಿತು. ಟಿಕ್ ಟಿಕ್ ಟಿಕ್.

ಕೆಂಚಯ್ಯ ಕೊಂಬೆಯನ್ನು ಹಿಂದಕ್ಕೆಳೆದು, ತೂತು ಮೇಲಾಗುವಂತೆ ಹೊರಳಿಸಿ ನೋಡಿದ. ಮೂರು ಬೋಳು ತಲೆಗಳು ಬಾಯಿ ತೆರೆದವು.

"ಒಣಗಿದ್ದನ್ನ ಮಾತ್ರ ಅಂದಿದ್ದೆ," ಎಂದಿತು ದೊಡ್ಡಬಾಯಿ, ಮುರಿದ ಹಲ್ಲಿನಲ್ಲಿ ತೊದಲುತ್ತ. "ಒಣಗಿದ್ದರ ಒಳಗೆ ಜೀವ ಐತೆ ಅಂತ ನಂಗೆಂಗ್ ಗೊತ್ತಾಗ್ಬೇಕು? ನಂಗೆ ಕಣ್ಣಿಲ್ಲ, ಬರೀ ಬಾಯಿ."

"ನಾಕ್ ಸಲ ಕೇಳ್ದೆನಲ್ಲವ್ವಾ," ಎಂದ ಕೆಂಚಯ್ಯ. "ಯಾಕ್ ಮಾತಾಡ್ಲಿಲ್ಲ?"

ಹೊನ್ನಿ ಮರಿಗಳ ಮೇಲೆ ರೆಕ್ಕೆ ಹರಡಿ ಕೂತಿದ್ದಳು. ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ.

"ನಿಮ್ಮನ್ನ ನಂಬ್ಲಿಲ್ಲ," ಎಂದಳು ಕೊನೆಗೆ. "ಈಗಲೂ ಪೂರ್ತಿ ನಂಬಿಕೆ ಇಲ್ಲ."

ಕೆಂಚಯ್ಯ ಏನೋ ಹೇಳಹೋದ. ನಂಜವ್ವ ಅವನನ್ನು ತಡೆದಳು.

"ನಂಬಬ್ಯಾಡ ಬುಡವ್ವ," ಎಂದಳು. "ಇದನ್ನ ಮಾಡ್ದೋಳು ನಾನು, ನಾನೇ ನಂಬಕಿಲ್ಲ. ಅದುಕ್ಕೇ ಒನಕೆ ಹಿಡ್ಕೊಂಡ್ ಪಕ್ಕದಲ್ಲೇ ನಿಂತಿದ್ದೆ. ನೀನು ಅನುಮಾನ ಇಟ್ಕೊಂಡು ಬಾಯಿ ಮುಚ್ಕೊಂಡೆ, ಅಷ್ಟೇ ನೀನ್ ಮಾಡಿದ್ ತಪ್ಪು. ಅನುಮಾನ ಬಂದ್ರೆ ಕುಟ್ಟವ್ವಾ. ಕುಟ್ಟು, ಆಮ್ಯಾಲೆ ಕಿವಿಗೊಟ್ಟು ಕೇಳು."

ಕೆಂಚಯ್ಯ ಗೂಡಿದ್ದ ತುಂಡನ್ನು ಹೊತ್ತು, ನೇರಳೆಯ ಕವಲಿನಲ್ಲಿಟ್ಟು, ತನ್ನ ಹಗ್ಗದಿಂದಲೇ ಬಿಗಿದು ಕಟ್ಟಿದ. ಮರಿಗಳು ಅಲ್ಲೇ ಬೆಳೆದು ಹಾರಿದವು.

ದೊಡ್ಡಬಾಯಿಯೂ ಮೊದಲಿನಂತೆ ಉಳಿಯಲಿಲ್ಲ. ಕಬ್ಬಿನ ಗಾಣದಲ್ಲಿರುವಂಥ ಎರಡು ಉರುಳೆಗಳನ್ನು ಕೆಂಚಯ್ಯ ಅದರ ಬಾಯಿಗೆ ಕೂರಿಸಿದ. ಅವು ಕೊಂಬೆಯನ್ನು ಮೆಲ್ಲಮೆಲ್ಲಗೆ ಒಳಕ್ಕೆ ಬಿಡುತ್ತಿದ್ದವು, ಬೇಡವೆಂದರೆ ಹಿಂದಕ್ಕೆ ಉಗುಳುತ್ತಿದ್ದವು. ನಂಜವ್ವ ಒನಕೆಯನ್ನು ವಾಪಸು ಕೇಳಲಿಲ್ಲ. ಅದನ್ನು ಬಾಯಿಗೆ ಅಡ್ಡಲಾಗಿ ಕಟ್ಟಿದಳು. ಅದನ್ನು ದೂಕಿದರೆ ಸಾಕು, ಉರುಳೆಗಳು ನಿಲ್ಲಬೇಕು. ಅವಳ ಮೊಮ್ಮಕ್ಕಳು ಕಲ್ಲಿನ ಹಲ್ಲು ತೆಗೆದು ಕಬ್ಬಿಣದ ಅಲಗು ಹಾಕಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಹೊಳೆಗೆ ಬಿಡುವು ಕೊಟ್ಟು ಇಂಜಿನ್ ಕೂರಿಸಿದರು, ಗಾಲಿ ಜೋಡಿಸಿ ಲಾರಿಯ ಹಿಂದೆ ಕಟ್ಟಿದರು. ಎಲ್ಲ ಬದಲಾಯಿತು, ಬಾಯಿಗೆ ಅಡ್ಡವಿದ್ದ ಆ ಒನಕೆಯನ್ನು ಮಾತ್ರ, ಕಬ್ಬಿಣದ ಕಂಬಿಯಾಗಿ ಬದಲಿಸಿದರೇ ಹೊರತು, ಯಾರೂ ತೆಗೆಯಲಿಲ್ಲ.

ಮೊನ್ನೆ ಗಾಳಿಮಳೆಯಾದ ಮೇಲೆ ನಮ್ಮ ಬೀದಿಗೆ ಬಂದು, ಮುರಿದ ಕೊಂಬೆಗಳನ್ನು ಚೂರು ಮಾಡಿ ಹೋಯಿತಲ್ಲ, ಅದೇ ದೊಡ್ಡಬಾಯಿ. ಅದರ ಬಾಯಿಯ ಮುಂದೆ ಕೆಂಪು ಕಂಬಿ ನೋಡಿದೆಯಲ್ಲ, ಅದೇ ನಂಜವ್ವನ ಒನಕೆ. ಇನ್ನು ಹೊನ್ನಿಯ ಸಂತಾನದವರು ಇವತ್ತಿಗೂ ಒಣಕೊಂಬೆ ಕಂಡರೆ ಮೊದಲು ಟಕ್ ಟಕ್ ಟಕ್ ಎಂದು ಕುಟ್ಟಿ, ಕತ್ತು ಓರೆ ಮಾಡಿ ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಡುತ್ತಾರೆ. ಮತ್ತೆ ನೀನು ಹತ್ತಿರ ಹೋದೆಯೋ, ಸರಕ್ಕನೆ ಕಾಂಡದ ಆಚೆಗೆ ಸರಿದು ಒಂದೇ ಕಣ್ಣಿನಲ್ಲಿ ಇಣುಕುತ್ತಾರೆ, ಏಕೆಂದರೆ ಪೂರ್ತಿ ನಂಬಿಕೆ ಅವರಿಗೆ ಇನ್ನೂ ಬಂದಿಲ್ಲ.