ತೊಲೆಗೆ ಕಟ್ಟಿದ ಹಗ್ಗ

ನಂಗೆ ಕತೆ ಹೇಳೋಕೆ ಸರಿಯಾಗಿ ಬರಲ್ಲ ಪುಟ್ಟಿ, ಹಿಂದಿಂದು ಮುಂದೆ ಆದ್ರೆ ಬೇಜಾರು ಮಾಡ್ಕೋಬೇಡ, ಹೂಂ ಅಂತಿರು. ಒಲೆಗಳೆಲ್ಲ ನೆಲದ ಮೇಲೇ ಇದ್ದ ಕಾಲದಲ್ಲಿ ಪಾಲವ್ವ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಎರಡು ಮಂಡಿನೋವು. ಮಂಡಿ ಇರೋದೇ ಎರಡು, ಅದಕ್ಕೆ ಎರಡು. ನೋವು ಅಂದ್ರೆ ಬಿದ್ದಾಗ ಬಂದು ಹೋಗುತ್ತಲ್ಲ, ಅಂಥದ್ದಲ್ಲ. ಮನೆಯಲ್ಲೇ ಇರೋ ನೋವು, ಬೆಳಗ್ಗೆ ಅವಳಿಗಿಂತ ಮೊದಲು ಏಳೋದು.

ಇದು ಹೋಗಲ್ಲ ಅಂತ ಗೊತ್ತಾದ ಮೇಲೆ ಅವಳು ಮೂರು ದಾರಿ ಮಾಡ್ಕೊಂಡಳಂತೆ. ಕೂರೋಕೆ ಒಂದು ಎತ್ತರದ ಮಣೆ. ರೊಟ್ಟಿ ಬೇಯೋವಾಗ ಮಂಡಿ ಮೇಲಿಡೋಕೆ ಬಿಸಿ ಮರಳಿನ ಗಂಟು, ಆರಿದ್ರೆ ಒಲೆ ಪಕ್ಕ ಇಟ್ಟರೆ ಮತ್ತೆ ಕಾಯುತ್ತೆ. ಏಳೋಕೆ ತೊಲೆಗೆ ಕಟ್ಟಿದ ಹಗ್ಗ, ಅದನ್ನ ಹಿಡ್ಕೊಂಡು ಮೆಲ್ಲಗೆ, ಮೊದಲು ಸೊಂಟ, ಆಮೇಲೆ ಮಂಡಿ.

ಒಂದಿನ ಕಿರಿಯವನು ಚಿನ್ನಯ್ಯ, ನಾವು ನೆಲದ ಮೇಲೆ ಉಣ್ತೀವಿ, ನೀನು ಗೌಡ್ತಿ ಥರ ಮಣೆ ಮೇಲೆ ಕೂತಿದೀಯಲ್ಲ ಅವ್ವ ಅಂತ ಮಣೆ ತಗೊಂಡು ಹೋದನಂತೆ. ತಾನು ಕೂರೋಕೆ. ಆಮೇಲೆ ನಡುವಿನವನು ಓಬಯ್ಯ, ಕಾದ ಮರಳು ಸುಮ್ನೆ ಆರಿಹೋಗ್ತಿದೆ ಅಂತ ಗಂಟು ಬಿಚ್ಚಿ ಅದರಲ್ಲಿ ಕಡ್ಲೆ ಹುರಿದನಂತೆ. ಅವಳಿಗೂ ಒಂದು ಹಿಡಿ ಕೊಟ್ಟ, ಕೊಡಲಿಲ್ಲ ಅನ್ನಬಾರದು. ಅವಳ ಹಲ್ಲಿಗೆ ಕಡ್ಲೆ ಆಗ್ತಿರಲಿಲ್ಲ.

ಉಳಿದಿದ್ದು ಹಗ್ಗ. ಮನೇಲಿ ಬೇರೆ ಹೆಂಗಸಿರಲಿಲ್ಲ. ದೊಡ್ಡವನು ಬೋರಯ್ಯನಿಗೆ ಹೆಂಡತಿ ಬಂದ್ರೆ ಒಲೆ ಮುಂದಿಂದ ಒಂದೇ ಸಲ ಎದ್ದುಬಿಡಬಹುದು ಅಂತ ಪಾಲವ್ವನ ಆಸೆ. ಹೆಣ್ಣಿನ ಕಡೆಯವರು ಬರೋ ದಿನ ಬೋರಯ್ಯ ಹಗ್ಗ ನೋಡಿ, ಬಂದೋರು ಇದನ್ನ ಕೊಟ್ಟಿಗೆ ಅಂದ್ಕೋತಾರೆ ಅಂದನಂತೆ. ಇವತ್ತೊಂದು ದಿನ ಬಿಡಪ್ಪ ಅಂದಳು. ಇವತ್ತೇ ಅವ್ವ ಅವರು ಬರೋದು ಅಂತ ಬಿಚ್ಚಿದನಂತೆ.

ಆಮೇಲೆ ಪಾಲವ್ವ ನೆಲದ ಮೇಲೆ ಕೂತು ಇಪ್ಪತ್ತು ರೊಟ್ಟಿ ಬಡಿದಳಂತೆ. ಎಲ್ಲರೂ ಪಡಸಾಲೆಯಲ್ಲಿ ಕೂತರು, ಬಡಿಸೋಕೆ ಅವಳು ಏಳಬೇಕು. ಗೋಡೆ ಹಿಡಿದಳು, ಒಲೆಗುಂಡು ಹಿಡಿದಳು, ಆಗಲಿಲ್ಲ. ಅವ್ವ, ರೊಟ್ಟಿ ಅಂತ ಮೂರು ಸಲ ಕೂಗಿದರಂತೆ. ಏಳೋಕಾಗಲ್ಲ ಅಂದ್ರೆ, ಕಾಯಿಲೆಯವರ ಮನೆ ಅಂತ ಬಂದೋರು ಎದ್ದು ಹೋಗ್ತಾರೆ. ಅದಕ್ಕೆ ಅವಳು, ಬಿಸಿ ಇರುವಾಗಲೇ ತಿನ್ನಿ, ಎಲ್ಲರೂ ಇಲ್ಲೇ ಬನ್ನಿ ಅಂದಳಂತೆ.

ಬಂದರು. ಹೆಣ್ಣಿನ ಅಪ್ಪ ಆರು ರೊಟ್ಟಿ ತಿಂದು, ಇಷ್ಟು ಅಕ್ಕರೆಯ ಅತ್ತೆ ನಮ್ಮ ಹುಡುಗಿಗೆ ಇನ್ನೆಲ್ಲಿ ಸಿಗ್ತಾಳೆ ಅಂದನಂತೆ. ಮದುವೆ ಆಯ್ತು. ಸೊಸೆ ಬಂದು ಒಲೆ ಮುಂದೆ ಕೂತಳು. ಆದ್ರೆ ಮೂವರು ಮಕ್ಕಳೂ ಅವಳಿಗೆ, ನೀನು ಏಳಮ್ಮ, ಅವ್ವ ಮುಂದೆ ಕೂರಿಸಿಕೊಂಡು ತಿನ್ನಿಸೋ ಹಾಗೆ ನಿಂಗೆ ಬರಲ್ಲ ಅಂದರಂತೆ. ಪಾಲವ್ವ ಮತ್ತೆ ಒಲೆ ಮುಂದೆ ಕೂತಳು. ಹಂಗೇ ಎಲ್ಲರೂ ಸುಖವಾಗಿದ್ದರಂತೆ. ಈಗಲೂ ಆ ಮನೆಯವರು ಒಲೆ ಮುಂದೆ ಕೂತೇ ಉಣ್ತಾರಂತೆ, ನಮ್ಮವ್ವನ ಪ್ರೀತಿ ಹಂಗಿತ್ತು ಅಂತಾರಂತೆ.

ಅವಳು ಆವತ್ತು ಹೇಗೆ ಎದ್ದಳು ಅಂತೀಯಾ? ಅದನ್ನ ಯಾರೂ ನೋಡಲಿಲ್ಲ, ಎಲ್ಲರೂ ಕೈ ತೊಳೆಯೋಕೆ ಹೋಗಿದ್ರು. ನಂಗನ್ಸುತ್ತೆ, ಮೊದಲು ಒಂದು ಕೈ ನೆಲಕ್ಕೆ ಊರಿ, ಆಮೇಲೆ ಸೊಂಟ, ಸೊಂಟ ಅಂದ್ರೆ ಪೂರ್ತಿ ಅಲ್ಲ, ಒಂದು ಮಗ್ಗುಲು, ಯಾಕಂದ್ರೆ...

ನಿಮ್ಮಪ್ಪ ಊಟಕ್ಕೆ ಕೂಗ್ತಿದಾನೆ. ಬಂದೆ ಕಣಪ್ಪ, ಬಂದೆ. ಪುಟ್ಟಿ, ಆ ಹಗ್ಗದ ತುದಿ ಇತ್ತ ಕೊಡು.