ಲಾಯದ ಮೂಡಣ ಗೋಡೆ

"ಗುರುಗಳೇ, ಈಚೆಗೆ ನೀವು ಹೇಳಿದ್ದು ಯಾವುದೂ ನನ್ನೊಳಗೆ ಇಳಿಯುತ್ತಿಲ್ಲ. ಏಕೆ ಹೀಗೆ?" ಎಂದು ಒಬ್ಬ ಶಿಷ್ಯ ಕೇಳಿದ. ಮಠದಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನು ಅವನೇ. ಊರಿನ ಮಕ್ಕಳಿಗೆ ಪಾಠ ಹೇಳು ಎಂದು ಗುರುಗಳು ಎಷ್ಟು ಸಲ ಹೇಳಿದರೂ, ಮೊದಲು ನಾನು ಪೂರ್ತಿ ಕಲಿಯುತ್ತೇನೆ, ಹೇಳಿಕೊಡುವುದು ಆಮೇಲೆ ಎಂದು ತಪ್ಪಿಸಿಕೊಳ್ಳುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಬಿಸಿಲಿಗೆ ಹೆಸರಾದ ಊರಿನಲ್ಲಿ ಒಬ್ಬ ಕಾಳಿನ ವರ್ತಕನಿದ್ದ. ಕಣಜ ಕಟ್ಟಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕಾಳು ಸುರಿಯಲು ಒಂದು ಬಾಯಿ. ಬೇರೆಲ್ಲೂ ಇರುವೆ ನುಸುಳುವಷ್ಟೂ ಸಂದು ಇರಬಾರದು. ಅವನು ಒಂದು ಹೆಣ್ಣುಕುದುರೆ ಸಾಕಿದ್ದ. ಮಕ್ಕಳಿಲ್ಲದ ಮನೆ, ಗಂಡಹೆಂಡಿರಿಬ್ಬರಿಗೂ ಅದರ ಮೇಲೆ ಪ್ರಾಣ. ಅದು ಗಬ್ಬವಾದಾಗ ವರ್ತಕ ಹೊಸ ಲಾಯ ಕಟ್ಟಿಸಿದ. ಗಾಳಿ ಬೀಸಿ ಬರುವ ಪಡುವಣ ಗೋಡೆಗೆ ಬಾಗಿಲು, ಅದರ ಪಕ್ಕಕ್ಕೆ ದೊಡ್ಡ ಕಿಟಕಿ ಇಡಿಸಿದ. ಎದುರಿನ ಮೂಡಣ ಗೋಡೆಯೂ ಸೇರಿ ಉಳಿದ ಗೋಡೆಗಳನ್ನೆಲ್ಲ ಸಂದಿಲ್ಲದಂತೆ ಮೆತ್ತಿಸಿದ. ಕಣಜ ಕಟ್ಟಿಸಿದ ಅಭ್ಯಾಸ, ಏನು ಮಾಡುವುದು?

ಬೇಸಿಗೆ ಬಂತು. ಕುದುರೆ ಬೆವರಿತು, ಮೇವು ಬಿಟ್ಟಿತು. ಗಂಜಲದ ಘಾಟಿಗೆ ಅದರ ಕಣ್ಣಲ್ಲಿ ನೀರು ಸುರಿಯಿತು. ವರ್ತಕ ಪಡುವಣಕ್ಕೇ ಇನ್ನೊಂದು ಕಿಟಕಿ ತೆಗೆಸಿದ. ಹೊರಗೆ ಗಾಳಿ ಬೀಸುತ್ತಿತ್ತು, ಒಳಗೆ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ.

"ಹೀಗೇ ಆದರೆ ತಾಯಿ ಮರಿ ಎರಡೂ ಉಳಿಯೋದಿಲ್ಲ. ಆ ಮೂಡಣ ಗೋಡೆಗೂ ಒಂದು ಕಿಟಕಿ ಇಡಿಸಬಾರದೇ?" ಎಂದಳು ಹೆಂಡತಿ.

"ನಿನಗೆಲ್ಲೋ ಮರುಳು. ಬಂದ ಗಾಳಿಯೆಲ್ಲ ಆ ಕಡೆಯಿಂದ ಹೊರಟುಹೋಗೋದಿಲ್ಲವೇ?" ಎಂದ ವರ್ತಕ.

ಆ ಸಂಜೆ ಕುದುರೆ ಸಂಕಟ ತಾಳಲಾರದೆ ಮೂಡಣ ಗೋಡೆಗೆ ಒದೆಯಿತು. ಒದೆಯುತ್ತಲೇ ಹೋಯಿತು. ಮಣ್ಣಿನ ಇಟ್ಟಿಗೆಗಳು ಕಳಚಿ ಹೊರಗೆ ಬಿದ್ದವು. ವರ್ತಕ ಬೈದುಕೊಂಡು, ಕಲಸಿದ ಮಣ್ಣು ಹಿಡಿದು ಓಡಿಬಂದ. ತೂತು ಮುಚ್ಚಲೆಂದು ಹೊರಗಿನಿಂದ ಬಗ್ಗಿದಾಗ ಒಳಗಿನ ಗಾಳಿ ಅವನ ಮುಖಕ್ಕೆ ಬೀಸಿತು. ಇಷ್ಟು ದಿನ ಕಿಟಕಿಯ ತನಕ ಬಂದು ನಿಂತಿದ್ದ ಗಾಳಿ ಈಗ ಲಾಯದ ಉದ್ದಕ್ಕೂ ಹಾದು ಹೊರಗೆ ಬರುತ್ತಿತ್ತು. ಒಳಗೆ ಕುದುರೆ ಕಿವಿ ನೆಟ್ಟಗೆ ಮಾಡಿ ಹುಲ್ಲಿಗೆ ಬಾಯಿ ಹಾಕಿತು.

ಅವನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಕೈಯಲ್ಲಿದ್ದ ಮಣ್ಣು ಎಸೆದು, ಹಾರೆ ತಂದು, ಆ ತೂತನ್ನು ತಾನೇ ಕಿಟಕಿಯಷ್ಟು ಅಗಲ ಮಾಡಿದ. ಬೇಸಿಗೆ ಮುಗಿಯುವ ಮೊದಲೇ ಕುದುರೆ ಮರಿ ಹಾಕಿತು. ತಾಯಿ ಮರಿ ಎರಡೂ ಸುಖವಾಗಿದ್ದವು.

ಕತೆ ಮುಗಿಸಿ ಗುರುಗಳು ಜಗಲಿಯ ಕಡೆ ನೋಡಿದರು. ಪಾಠಕ್ಕೆಂದು ಬಂದ ಊರಿನ ಮಕ್ಕಳು ಅಲ್ಲಿ ಕಾದು ಕುಳಿತಿದ್ದರು. ಶಿಷ್ಯನೂ ಅತ್ತ ನೋಡಿದ.

"ಏಳಪ್ಪ," ಎಂದರು ಗುರುಗಳು, "ಇಲ್ಲವಾದರೆ ನಿನ್ನ ಗೋಡೆಗೆ ಒದೆಯಲು ಒಂದು ಕುದುರೆ ತರಿಸಲೇ?"