ಪಾಲು ಬೇಡವೆಂದ ಮುಂಗುಸಿ

ಗದ್ದೆಯ ಬದುವಿನಲ್ಲಿ ಹತ್ತು ಬಿಲ ತೋಡಿ, ಬೇರೆ ಇಲಿಗಳಿಗೆ ಬಾಡಿಗೆಗೆ ಕೊಡಬೇಕೆಂದು ಒಂದು ಇಲಿ ಹೊರಟಿತು. ಮೊದಲ ಬಿಲಕ್ಕೇ ಉಗುರು ಸವೆದುಹೋದವು. ಅದು ಪಾಲುದಾರರನ್ನು ಹುಡುಕತೊಡಗಿತು.

ಮುಂಗುಸಿ ಬಂದು, "ಉಳಿದ ಒಂಬತ್ತನ್ನೂ ನಾನೇ ತೋಡುತ್ತೇನೆ. ಬಾಡಿಗೆಯಲ್ಲಿ ನನಗೆ ಪಾಲು ಬೇಡ" ಎಂದಿತು.

"ಮತ್ತೇನು ಬೇಕು, ಸ್ವಾಮಿ?" ಇಲಿ ಕೇಳಿತು.

"ಏನೂ ಬೇಡ. ಬಾಗಿಲು ಮಾತ್ರ ನಾನು ನುಗ್ಗುವಷ್ಟು ಅಗಲವಿರಲಿ."

"ಒಳಗಿರುವವರು ಇಲಿಗಳಲ್ಲವೇ?"

"ಪಾಲುದಾರನಾದವನು ಆಗಾಗ ಬಂದು ಕ್ಷೇಮ ವಿಚಾರಿಸಬೇಡವೇ?"

ಇಲಿ, "ಮನೆಯವಳನ್ನು ಕೇಳಿ ಹೇಳುತ್ತೇನೆ" ಎನ್ನುತ್ತ ಹಿಂದೆ ಹಿಂದೆ ಸರಿದು ಬಿಲ ಸೇರಿಕೊಂಡಿತು.

ಮರುದಿನ ಸುಂಡಿಲಿ ಬಂತು. ಅರ್ಧ ಬಿಲಗಳು ತನಗೆ, ಅದೂ ನೀರು ನುಗ್ಗದಂಥವೇ ಬೇಕೆಂದು ಮಧ್ಯಾಹ್ನದವರೆಗೂ ಜಗಳವಾಡಿತು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿತಲ್ಲ ಎಂದು ಇಲಿಗೆ ನೆಮ್ಮದಿಯಾಯಿತು. ಆ ಸಂಜೆಯೇ ಇಬ್ಬರೂ ಸೇರಿ ಎರಡನೆಯ ಬಿಲ ತೋಡತೊಡಗಿದರು.